ಮಂಟೇಸ್ವಾಮಿ ಮತ್ತು ನೀಲಗಾರರ ಕಲ್ಯಾಣ

ಮಂಟೇಸ್ವಾಮಿಯ ಜೀವಿತಕ್ಕೆ ನೀಲಗಾರರ ಹಾಡೇ ಮುಖ್ಯ ಆಕರ. ಹಲವು ವಿದ್ವಾಂಸರು ಆತನನ್ನು ಬಸವೋತ್ತರ ಕಾಲದವನೆಂದು ಪರಿಗಣಿಸಿದ್ದಾರೆ. ಕಾವ್ಯವಾದರೋ ಆತನನ್ನು 12ನೆಯ ಶತಮಾನದ ಕಲ್ಯಾಣಕ್ಕೇ ಕರೆದೊಯ್ಯುತ್ತದೆ. ಇದನ್ನು ಕಾಲದೋಷವೆಂದು ತಳ್ಳಿಹಾಕುವುದು ಸುಲಭ. ಆದರೆ ಚಾಮರಾಜನಗರ, ಉಡಿಗಾಲದ ಸೀಮೆಯಿಂದ ನೂರಾರು ಮೈಲಿ ದೂರದ ಆ ರಾಜಧಾನಿಯನ್ನು ತಂಬೂರಿಯ ನಾದದಲ್ಲಿ ಕಟ್ಟಿದವರು ಅದನ್ನು ಹೆಬ್ಬಾಗಿಲ ಹೊರಗೆ ನಿಂತು ಕಂಡವರೆಂಬುದನ್ನು ಮರೆಯಲಾಗದು.

ವಚನಗಳಲ್ಲಿ ಕಲ್ಯಾಣವೆಂದರೆ ಮಹಾಮನೆ. ಈ ಹಾಡಿನಲ್ಲಿ ಮೊದಲು ಕಾಣುವುದು ಕಾವಲುಗಾರ, ಬಳಿಕ ತಿಪ್ಪೆ. ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಉಣ್ಣುವ ನಗರ, ಕುಷ್ಠರೋಗಿಯ ರೂಪದಲ್ಲಿ ಬಂದ ಜಂಗಮನೊಬ್ಬನಿಗೆ ಬಾಗಿಲು ತೆರೆಯುವುದಿಲ್ಲ. ಆತನನ್ನು ಅರಸಿ ಬಸವಣ್ಣ, ನೀಲಮ್ಮ ತಿಪ್ಪೆಗೇ ಬರಬೇಕಾಗುತ್ತದೆ. ಪರೀಕ್ಷೆಗೊಡ್ಡಿದಾಗ ಹುಸಿ ಶರಣರು ಚದುರುತ್ತಾರೆ. ಬಸವಣ್ಣನನ್ನು ಹಾಡು ನಿರಾಕರಿಸುವುದಿಲ್ಲ, ಆತನ ಸುತ್ತ ನೆರೆದ ಗುಂಪನ್ನು ಮಾತ್ರ ಶಂಕಿಸುತ್ತದೆ. ನಮ್ಮ ಶರಣ ಚರಿತ್ರೆಗಳು ಈ ಶಂಕೆಯನ್ನು ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲವೆಂದೇ ನನ್ನ ಭಾವನೆ.

ಕಲ್ಯಾಣವನ್ನು ತೊರೆದ ಮಂಟೇಸ್ವಾಮಿ ದಕ್ಷಿಣಕ್ಕೆ ಬಂದನು. ರಾಚಪ್ಪಾಜಿ, ದೊಡ್ಡಮ್ಮರು ಶಿಷ್ಯರಾದರು. ಕಮ್ಮಾರರ ಮನೆಯ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿ ಕಠಿಣ ಪರೀಕ್ಷೆಗಳನ್ನು ಗೆದ್ದನು. ಗುರುವಿನ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ, ಶಿಷ್ಯನದು ಚಿಕ್ಕಲ್ಲೂರಿನಲ್ಲಿ.