ಒಂದು ಡಾಲರಿನ ವಿಮಾನ

ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿಯಿಟ್ಟಿದ್ದ ಆರ್ವಿಲ್ ರೈಟನೂ ಅವನ ಅಣ್ಣ ವಿಲ್ಬರನೂ ಕಟ್ಟಿದ ಜೋಡಿರೆಕ್ಕೆಯ ವಿಮಾನವು 1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಬಳಿಯ ಮರಳುನೆಲದ ಮೇಲೆ ನಾಲ್ಕು ಸಲ ಹಾರಿತು. ಅಂದೇ ಗಾಳಿಗೆ ಮಗುಚಿ ಮುರಿದ ಅದು ಮತ್ತೆಂದೂ ಹಾರಲಿಲ್ಲ. 1912ರಲ್ಲಿ ಅಣ್ಣನು ವಿಷಮಜ್ವರದಿಂದ ತೀರಿಕೊಂಡನು. ಮರುವರ್ಷದ ನೆರೆಯಲ್ಲಿ ಕೆಸರು ತುಂಬಿದ ವಿಮಾನವನ್ನು ಆರ್ವಿಲನು ಮುಂದೆ ಮತ್ತೆ ಜೋಡಿಸಿದನು.

ಆದರೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯು, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ಯಂತ್ರವೆಂಬ ಗೌರವವನ್ನು ತನ್ನ ಕಾರ್ಯದರ್ಶಿಯಾಗಿದ್ದ ಲ್ಯಾಂಗ್ಲಿಯ ಯಂತ್ರಕ್ಕೆ ಸಲ್ಲಿಸಿತು. ನೊಂದ ಆರ್ವಿಲನು 1928ರಲ್ಲಿ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಎರವಲು ಕಳುಹಿಸಿದನು; ಒಡೆತನವನ್ನು ಬಿಡಲಿಲ್ಲ. 1942ರಲ್ಲಿ ಸಂಸ್ಥೆಯು ತಪ್ಪನ್ನೊಪ್ಪಿಕೊಂಡಿತು.

1948ರ ಜನವರಿಯಲ್ಲಿ ಆರ್ವಿಲನು ಗತಿಸಿದನು. ಅವನ ಆಸ್ತಿಯ ಹೊಣೆ ಹೊತ್ತವರು ಒಂದು ಡಾಲರಿಗೆ ಅದೇ ಸಂಸ್ಥೆಗೆ ವಿಮಾನವನ್ನು ಮಾರಿದರು. ಅದರ ಮೊದಲಿಗತನವನ್ನು ಸಂಸ್ಥೆಯು ಎಂದಾದರೂ ಅಲ್ಲಗಳೆದರೆ ವಿಮಾನ ವಾರಸುದಾರರಿಗೆ ಮರಳಬೇಕೆಂಬುದೇ ಕರಾರು. ನಿಜವಾದ ಬೆಲೆ ಅದೇ.