ಲೆಕ್ಕ ತಪ್ಪದ ಫ್ಯಾರಡೆ

ಮೈಲುತುತ್ತದ ನೀಲಿ ದ್ರಾವಣದಲ್ಲಿ ಮುಳುಗಿಸಿದ ಹಿತ್ತಾಳೆಯ ಬೀಗದ ಕೈ ವಿದ್ಯುತ್ತಿನ ಬಲದಿಂದ ತಾಮ್ರದ ಹೊದಿಕೆ ತೊಟ್ಟುದನ್ನು ಶಾಲೆಯಲ್ಲಿ ಕಂಡಂದಿನಿಂದ ಮೈಕೇಲ್ ಫ್ಯಾರಡೆಯ ಮೇಲೆ ನನಗೊಂದು ಬಗೆಯ ಪ್ರೀತಿ. ಇಂದು ಅದೇ ವಿದ್ಯೆಯಿಂದ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ತಂತಿಗಳನ್ನು ಬೆಳೆಸುತ್ತಾರೆ. ಕಣ್ಣಿಗೆ ಕಾಣದ ರಂಧ್ರಗಳುಳ್ಳ ತೆಳು ಹಾಳೆಯ ಒಂದು ಮಗ್ಗುಲಿಗೆ ಚಿನ್ನವನ್ನು ಲೇಪಿಸಿ, ಅದನ್ನೇ ಋಣಾಗ್ರವಾಗಿಸಿ ಲೋಹಲವಣದ ದ್ರಾವಣದಲ್ಲಿಟ್ಟು ವಿದ್ಯುತ್ತನ್ನು ಹರಿಸಿದರೆ, ಲೋಹವು ರಂಧ್ರಗಳನ್ನು ತಳದಿಂದ ತುಂಬುತ್ತ ಬರುತ್ತದೆ. ಬಳಿಕ ಹಾಳೆಯನ್ನು ಕರಗಿಸಿದರೆ ಉಳಿಯುವುದು ತಂತಿ. ಅದು ಎಷ್ಟುದ್ದ ಬೆಳೆದಿದೆಯೆಂಬುದನ್ನು ಹರಿದ ವಿದ್ಯುತ್ತಿನ ಮೊತ್ತದಿಂದಲೇ ಅಂದಾಜು ಮಾಡಬಹುದು. ಈ ಲೆಕ್ಕವನ್ನು ಕಲಿಸಿದವನು ಫ್ಯಾರಡೆ.

ಬಡ ಕಮ್ಮಾರನ ಮಗನಾಗಿ ೧೭೯೧ರಲ್ಲಿ ಲಂಡನ್ನಿನ ಬಳಿ ಹುಟ್ಟಿದ ಅವನು ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ಸೇರಿದನು. ಕಟ್ಟಲು ಬಂದ ಪುಸ್ತಕಗಳೇ ಅವನ ಪಾಠಶಾಲೆ. ೧೮೧೨ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾನೇ ರಟ್ಟು ಕಟ್ಟಿ ಆತನಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದನು.

೧೮೨೧ರಲ್ಲಿ, ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತ ತಿರುಗುವುದನ್ನು ತೋರಿಸಿ, ಅವಸರದಲ್ಲಿ ಅದನ್ನು ಪ್ರಕಟಿಸಿದನು. ಆ ದಾರಿಯಲ್ಲಿ ಮೊದಲೇ ಯೋಚಿಸಿದ್ದ ವೊಲಾಸ್ಟನ್ನನ ಹೆಸರು ಅದರಲ್ಲಿರಲಿಲ್ಲ. ಪರರ ವಿಚಾರವನ್ನು ಕದ್ದನೆಂಬ ಪಿಸುಮಾತು ಹಬ್ಬಿತು. ಪ್ರಾಮಾಣಿಕತೆಯೊಂದೇ ಆಸ್ತಿಯಾಗಿದ್ದ ಬಡವನಿಗೆ ಇದಕ್ಕಿಂತ ದೊಡ್ಡ ಪೆಟ್ಟುಂಟೆ? ಫ್ಯಾರಡೆ ವೊಲಾಸ್ಟನ್ನನನ್ನೇ ಕಂಡು ಮಾತಾಡಿದನು. ೧೮೨೩ರಲ್ಲಿ ಆ ಶೋಧದ ಚರಿತ್ರೆಯನ್ನು ಬರೆದು ಪ್ರಕಟಿಸಿದನು. ಆದರೂ ರಾಯಲ್ ಸೊಸೈಟಿಗೆ ಅವನ ಹೆಸರು ಬಂದಾಗ ವಿರೋಧಿಸಿದವನು ಗುರು ಡೇವಿಯೇ. ೧೮೨೪ರಲ್ಲಿ ಫ್ಯಾರಡೆ ಆಯ್ಕೆಯಾದನು. ಗುರುವಿನ ಉಪಕಾರವನ್ನು ಮಾತ್ರ ಅವನು ಎಂದೂ ಮರೆಯಲಿಲ್ಲ.

ಹತ್ತು ವರ್ಷಗಳ ತರುವಾಯ ವಿದ್ಯುದ್ವಿಭಜನೆಯ ನಿಯಮಗಳನ್ನು ಲೋಕಕ್ಕೆ ಕೊಟ್ಟವನು ಇವನೇ. ಹರಿದ ವಿದ್ಯುತ್ತೆಷ್ಟೋ ಅದಕ್ಕೆ ತಕ್ಕಷ್ಟೇ ಲೋಹ. ಒಂದೇ ಮೊತ್ತದ ವಿದ್ಯುತ್ತಿಗೆ ಒಂದೊಂದು ಲೋಹವೂ ತನಗೆ ಗೊತ್ತಾದ ಪ್ರಮಾಣದಲ್ಲಿಯೇ ಬಂದು ಕೂಡುತ್ತದೆ. ಲೆಕ್ಕ ತಪ್ಪಿದನೆಂದು ದೂಷಿತನಾದವನು ಪ್ರಕೃತಿಯ ಲೆಕ್ಕದ ಪುಸ್ತಕವನ್ನೇ ತೆರೆದಿಟ್ಟನು.

ಮುಂದೆ ಸರ್ ಪದವಿಯೂ ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯೂ ಅರಸಿ ಬಂದಾಗ ಎರಡನ್ನೂ ಒಲ್ಲೆನೆಂದನು. ೧೮೬೭ರಲ್ಲಿ ತೀರಿಕೊಂಡನು. ಲೋಹ ಬಂದು ಕೂಡುವ ತುದಿಯನ್ನು ನಾವು ಋಣಾಗ್ರವೆನ್ನುತ್ತೇವೆ. ಪಾಠ ಹೇಳುವಾಗ ಆ ಪದ ಬಾಯಿಗೆ ಬಂದಾಗಲೆಲ್ಲ ಫ್ಯಾರಡೆಯ ಋಣವೂ ನನಗೆ ನೆನಪಾಗುತ್ತದೆ.