ಮೆದಿಚಿ ಮನೆತನದ ಕೊನೆಯ ಕುಡಿ

ಮನೆತನವೊಂದು ಅಳಿದರೆ ಉಳಿಯುವುದೇನು? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಆನ್ನಾ ಮರಿಯಾ ಲೂಯಿಸಾಳ ನೆನಪಾಗುತ್ತದೆ.

1397ರಲ್ಲಿ ಫ್ಲಾರೆನ್ಸಿನಲ್ಲಿ ಬ್ಯಾಂಕು ತೆರೆದ ಮೆದಿಚಿಗಳು ಕ್ರಮೇಣ ಟಸ್ಕನಿಯ ದೊರೆಗಳೇ ಆದರು. ಆ ವಂಶದಲ್ಲಿ 1667ರಲ್ಲಿ ಜನಿಸಿದ ಈಕೆ ಜರ್ಮನಿಯ ಪ್ಯಾಲಟಿನೇಟಿನ ಅರಸನ ಕೈಹಿಡಿದಳು. ಮಕ್ಕಳು ಉಳಿಯಲಿಲ್ಲ, 1716ರಲ್ಲಿ ವಿಧವೆಯಾಗಿ, ಮರುವರ್ಷ ತವರಿಗೆ ಮರಳಿದಳು. 1737ರಲ್ಲಿ ತಮ್ಮ ಜಾನ್ ಗಸ್ತೋನೆಯೂ ಸಂತಾನವಿಲ್ಲದೆ ತೀರಿಕೊಂಡನು. ರಾಜ್ಯವು ಲೊರೇನಿನ ಫ್ರಾನ್ಸಿಸನ ಪಾಲಾಯಿತು.

ಹೊಸ ದೊರೆ ಚಿತ್ರ, ಶಿಲ್ಪ, ಗ್ರಂಥಗಳನ್ನು ಹೊರದೇಶಕ್ಕೆ ಸಾಗಿಸಿದರೆ ತಡೆಯುವವರಾರು? ಆಕೆ ಅದೇ ವರ್ಷ ಅವನೊಡನೆ ಒಪ್ಪಂದ ಮಾಡಿಕೊಂಡಳು: ಸಂಗ್ರಹವೆಲ್ಲ ರಾಜ್ಯಕ್ಕೆ ಸೇರಬೇಕು, ಯಾವುದೂ ಫ್ಲಾರೆನ್ಸನ್ನು ಬಿಟ್ಟು ಹೋಗಕೂಡದು.

1743ರಲ್ಲಿ ಆಕೆ ಕಣ್ಣುಮುಚ್ಚಿದಳು. ಆಳಿದ ಶಾಖೆ ಅಲ್ಲಿಗೆ ಮುಗಿಯಿತು. 1769ರಲ್ಲಿ ಉಫೀಜಿ ಚಿತ್ರಶಾಲೆಯ ಬಾಗಿಲು ಜನರಿಗೆ ತೆರೆಯಿತು. ಮಡಿಲು ಬರಿದಾದವಳು ಊರನ್ನೇ ವಾರಸುದಾರನನ್ನಾಗಿ ಮಾಡಿದಳೆಂದು ನಾನು ತಿಳಿಯುತ್ತೇನೆ.